ಬಾಡಿಗೆಗೆ ಕಟ್ಟಿದ ಮನೆ, ಬೆಲೆಗೆ ಕಾಯುವ ಮನೆ

ಊರಿಗೆ ಹೋದಾಗಲೆಲ್ಲ ಈಚೆಗೆ ಒಂದು ಮಾತು ಕಿವಿಗೆ ಬೀಳುತ್ತದೆ. "ಎರಡು ಎಕರೆ ಮಾರಿ ಬೆಂಗಳೂರಲ್ಲೊಂದು ಮನೆ ತಗೊಂಡ್ರೆ ಸಾಕು ಕಣಪ್ಪ. ತಿಂಗಳಾ ತಿಂಗಳಾ ಬಾಡಿಗೆ ಬರ್ತದೆ. ಮಳೆ ನೋಡ್ಕಂಡು ಕೂರೋದು ತಪ್ತದೆ." ಹೇಳುವವರು ಬೋರ್‌ವೆಲ್ ಬತ್ತಿಸಿಕೊಂಡವರು, ಬೆಳೆಗೆ ಬೆಲೆ ಸಿಗದೆ ಸೋತವರು. ಅವರ ಆಸೆಯಲ್ಲಿ ತಪ್ಪೇನೂ ಇಲ್ಲ. ತಿಂಗಳ ಮೊದಲ ವಾರ ಕೈಗೆ ನಗದು ಬರುವ ಬದುಕು ಯಾರಿಗೆ ಬೇಡ?

ಈ ಲೆಕ್ಕವನ್ನು ಬೆಂಗಳೂರಿನಲ್ಲಿ ಒಂದೆರಡು ತಲೆಮಾರು ನಿಜವಾಗಿಯೂ ಮಾಡಿ ಬದುಕಿದ್ದವು. ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆಗಳ ನಿವೃತ್ತ ಗುಮಾಸ್ತರು, ಮೇಷ್ಟ್ರುಗಳು, ವಿಧವೆಯರು ಸೈಟಿನ ಹಿಂಭಾಗದಲ್ಲಿ ನಾಲ್ಕಾರು ಸಣ್ಣ ಮನೆ ಕಟ್ಟಿ, ಅದರ ಬಾಡಿಗೆಯಲ್ಲಿ ಉಂಡರು, ಮಕ್ಕಳನ್ನು ಓದಿಸಿದರು. ಅಂಥ ಮನೆಗಳ ಗುಂಪಿಗೆ ವಠಾರ ಎಂದು ಹೆಸರು. ಇಂದು ಅದೇ ಬಡಾವಣೆಗಳಲ್ಲಿ ಮನೆಯ ಬೆಲೆ ಆಕಾಶಕ್ಕೇರಿದೆ, ವಠಾರ ಮಾತ್ರ ಇಲ್ಲವಾಗುತ್ತಿದೆ. ಬೆಲೆ ಏರಿದರೆ ಬಾಡಿಗೆಗೆ ಮನೆ ಕಟ್ಟುವವರು ಹೆಚ್ಚಬೇಕಿತ್ತಲ್ಲ, ಯಾಕೆ ಕಡಿಮೆಯಾದರು? ಉತ್ತರ ಹುಡುಕಬೇಕಾದರೆ ನೂರಿಪ್ಪತ್ತೈದು ವರ್ಷಕ್ಕೂ ಹಿಂದೆ ಹೋಗಬೇಕು.

ಪ್ಲೇಗು ಕಟ್ಟಿಸಿದ ಬಡಾವಣೆಗಳು

19ನೇ ಶತಮಾನದ ಕೊನೆಯವರೆಗೆ ಬೆಂಗಳೂರು ನಗರ ಎಂದರೆ ಪೇಟೆ. ಚಿಕ್ಕಪೇಟೆ, ಬಳೆಪೇಟೆ, ಕಾಟನ್‌ಪೇಟೆಗಳ ಇಕ್ಕಟ್ಟಾದ ಬೀದಿಗಳಲ್ಲಿ ಅಂಗಡಿ ಮುಂದೆ, ಮನೆ ಹಿಂದೆ. ಪೂರ್ವಕ್ಕೆ ಬ್ರಿಟಿಷರ ದಂಡು ಬೇರೆಯೇ ಊರು. ಪೇಟೆಗೆ ಉಸಿರಾಡಲು ಜಾಗ ಬೇಕೆಂದು ಕೋಟೆಯ ಪಶ್ಚಿಮಕ್ಕೆ 1892ರ ಹೊತ್ತಿಗೆ ಹೊಸ ಬಡಾವಣೆ ತೆಗೆದರು. ಹತ್ತನೇ ಚಾಮರಾಜೇಂದ್ರ ಒಡೆಯರ್ ಹೆಸರಿನಲ್ಲಿ ಅದು ಚಾಮರಾಜಪೇಟೆಯಾಯಿತು. ಒಂದಕ್ಕೊಂದು ಸಮಾನಾಂತರವಾಗಿ ಐದು ಮುಖ್ಯರಸ್ತೆ, ನಡುವೆ ಅಡ್ಡರಸ್ತೆ. ಈಗಲೂ ಅಲ್ಲಿ ನಡೆದರೆ ನಕ್ಷೆ ಕಾಲಿಗೆ ಗೊತ್ತಾಗುತ್ತದೆ.

ಬಸವನಗುಡಿ, ಮಲ್ಲೇಶ್ವರಂಗಳ ಯೋಜನೆಯೂ ಅದೇ ದಶಕದ್ದು. ಅವಕ್ಕೆ ವೇಗ ಕೊಟ್ಟದ್ದು ಪ್ಲೇಗು. 1896ರಲ್ಲಿ ಮುಂಬೈಗೆ ಬಂದ ರೋಗ 1898ರ ಆಗಸ್ಟ್‌ನಲ್ಲಿ ರೈಲಿನ ದಾರಿ ಹಿಡಿದು ಬೆಂಗಳೂರಿಗೂ ಬಂತು. ಪೇಟೆಯ ಜನ ಮನೆ ಬಿಟ್ಟು ಬಯಲಿನಲ್ಲಿ ಶೆಡ್ಡು ಹಾಕಿಕೊಂಡರು. ಆಗ ದಿವಾನರು ಕೆ. ಶೇಷಾದ್ರಿ ಅಯ್ಯರ್. ಪ್ಲೇಗ್ ಕಮಿಷನರ್ ಆಗಿದ್ದ ವಿ.ಪಿ. ಮಾಧವರಾವ್ ಮುಂದೆ ದಿವಾನರೂ ಆದರು. ಗಾಳಿ ಬೆಳಕು ಬರುವ ಅಗಲ ರಸ್ತೆ, ಮನೆ ಸುತ್ತ ಬಯಲು, ಹಿಂದೆ ಕಕ್ಕಸು ತೆಗೆಯುವವರು ಓಡಾಡುವ ಕನ್ಸರ್ವೆನ್ಸಿ ಗಲ್ಲಿ: ಹೊಸ ಬಡಾವಣೆಗಳ ಈ ಲಕ್ಷಣವೆಲ್ಲ ರೋಗದ ಭಯದಿಂದ ಹುಟ್ಟಿದ್ದು. ಮುಂಬೈಯಲ್ಲೂ ಇದೇ 1898ರಲ್ಲಿ, ಇದೇ ಭಯದಿಂದ, ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು.

ಈ ಬಡಾವಣೆಗಳೇನು ಬರಿ ಬಯಲಿನಲ್ಲಿ ಎದ್ದಿದ್ದಲ್ಲ. ಬಸವನಗುಡಿಯ ಜಾಗ ಸುಂಕೇನಹಳ್ಳಿಯದು. ಕಡಲೆಕಾಯಿ ಬೆಳೆಯುತ್ತಿದ್ದ ಸುತ್ತಲಿನ ಹಳ್ಳಿಗಳ ನೆನಪಾಗಿ ಉಳಿದಿರುವುದು ಕಾರ್ತಿಕದ ಕೊನೆಯ ಸೋಮವಾರದ ಪರಿಷೆ. ಹಳ್ಳಿಯ ಹೊಲ ನಗರದ ಸೈಟಾಗುವ ಕತೆ ದೇವನಹಳ್ಳಿಯಲ್ಲಿ ಶುರುವಾದದ್ದಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಹೊಸ ಬಡಾವಣೆಗಳ ಬ್ಲಾಕುಗಳನ್ನು ಜಾತಿ, ಸಮುದಾಯ ನೋಡಿ ಗುರುತಿಸಿದ್ದರು. ಯಾರ ಪಕ್ಕ ಯಾರಿರಬೇಕು ಎನ್ನುವುದು ನಕ್ಷೆಯಲ್ಲೇ ಇತ್ತು. ಮುಂದೆ ಬಾಡಿಗೆ ಮನೆಯ ಬಾಗಿಲಲ್ಲಿ ಕೇಳುವ ಪ್ರಶ್ನೆಗೆ ಬೇರು ಅಲ್ಲಿದೆ.

ಪಿಂಚಣಿಗೆ ಜೊತೆಯಾದ ವಠಾರ

ಸೈಟುಗಳು ಇಂದಿನ 30x40ರ ಲೆಕ್ಕದವಲ್ಲ. ಉದ್ದಕ್ಕೆ ಹಿಂದಿನ ಗಲ್ಲಿಯವರೆಗೆ ಹೋಗುವಂಥವು. ಮುಂದೆ ಜಗಲಿ, ಹಜಾರ, ಹೆಂಚಿನ ಮಾಡು ಅಥವಾ ಮದ್ರಾಸ್ ತಾರಸಿಯ ಮನೆ ಕಟ್ಟಿಕೊಂಡರೆ ಹಿಂದೆ ಬೇಕಾದಷ್ಟು ಜಾಗ ಉಳಿಯುತ್ತಿತ್ತು. ಬಾವಿ, ತೆಂಗಿನಮರ, ಹಸು ಕಟ್ಟುವ ಕೊಟ್ಟಿಗೆ. ಕ್ರಮೇಣ ಕೊಟ್ಟಿಗೆಯ ಪಕ್ಕ ಒಂದು ಔಟ್‌ಹೌಸ್ ಬಂತು. ಒಂದಕ್ಕೆ ಇನ್ನೊಂದು ಗೋಡೆ ಸೇರಿಸಿದರೆ ಎರಡು, ಮೂರು, ಆರು. ಹೀಗೆ ಒಂದೇ ಗೇಟು, ಒಂದೇ ಅಂಗಳ, ಒಂದೇ ನಲ್ಲಿ, ಸಾಲು ಕಕ್ಕಸು ಇರುವ ವಠಾರ ರೂಪುಗೊಂಡಿತು. ಒಂದು ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಅದರ ಮೂಲೆಯಲ್ಲೇ ಬಚ್ಚಲು.

ಯಾರು ಕಟ್ಟಿಸಿದರು? ದೊಡ್ಡ ಸಾಹುಕಾರರೂ ಇದ್ದರು. ಆದರೆ ಈ ಬಡಾವಣೆಗಳ ಗುಣ ನಿರ್ಧರಿಸಿದವರು ಸರ್ಕಾರಿ ನೌಕರರು, ವಕೀಲರು, ಮೇಷ್ಟ್ರುಗಳು. ಬೆಂಗಳೂರನ್ನು ಪಿಂಚಣಿದಾರರ ಸ್ವರ್ಗ ಎಂದು ಕರೆದದ್ದು ಸುಮ್ಮನಲ್ಲ. ನಿವೃತ್ತಿಯಾದಾಗ ಕೈಗೆ ಬಂದ ಗಂಟನ್ನು ಎಲ್ಲಿ ಇಡುವುದು? ಬ್ಯಾಂಕುಗಳು ಆಗಿನ್ನೂ ಕೆಲವೇ. ಚಾಮರಾಜಪೇಟೆಯ ಬೆಂಗಳೂರು ಸಿಟಿ ಕೋಆಪರೇಟಿವ್ ಬ್ಯಾಂಕ್ ಶುರುವಾದದ್ದು 1907ರಲ್ಲಿ, ಬ್ಯಾಂಕ್ ಆಫ್ ಮೈಸೂರು 1913ರಲ್ಲಿ. ಜನಕ್ಕೆ ಗೊತ್ತಿದ್ದ ಭದ್ರತೆ ಎರಡು: ಒಡವೆ ಮತ್ತು ಇಟ್ಟಿಗೆ. ಒಡವೆ ತಿಂಗಳಿಗೊಮ್ಮೆ ಹಣ ಕೊಡುವುದಿಲ್ಲ, ಇಟ್ಟಿಗೆ ಕೊಡುತ್ತದೆ.

ಲೆಕ್ಕ ಸರಳವಾಗಿತ್ತು. ಸೈಟು ಮೊದಲೇ ಇದೆ, ಹಾಗಾಗಿ ಹೊಸ ಖರ್ಚು ಗೋಡೆ, ಮಾಡಿನದು ಮಾತ್ರ. ಸಾಲ ಇಲ್ಲ, ಇದ್ದರೂ ಸಣ್ಣದು. ಆರು ಮನೆಯಲ್ಲಿ ಒಂದು ಖಾಲಿ ಬಿದ್ದರೆ ಐದು ಮನೆಯ ಬಾಡಿಗೆ ಬಂದೇ ಬರುತ್ತದೆ. ಮಾಲೀಕರು ಮುಂದಿನ ಮನೆಯಲ್ಲೇ ಇರುವುದರಿಂದ ಹೆಂಚು ಜರುಗಿದರೆ, ನಲ್ಲಿ ಸೋರಿದರೆ ಅವತ್ತೇ ಗೊತ್ತಾಗುತ್ತದೆ. ಜಾಗ ಮಾರಿ ದುಡ್ಡು ಮಾಡುವ ಯೋಚನೆ ಯಾರಿಗೂ ಇರಲಿಲ್ಲ, ಏಕೆಂದರೆ ಮಾರಿದರೆ ಸಿಗುವುದು ಅಂಥ ದೊಡ್ಡ ಮೊತ್ತವಲ್ಲ. ಮನೆಗೆ ಬೆಲೆ ಇದ್ದದ್ದು ಅದು ತರುವ ಬಾಡಿಗೆಯಿಂದ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ, ಹೊರಗೆ ಹೋಗಿ ದುಡಿಯಲು ಸಮಾಜ ಬಿಡದಿದ್ದ ಎಷ್ಟೋ ಹೆಂಗಸರಿಗೆ ಹಿತ್ತಲಿನ ಎರಡು ಮನೆಯ ಬಾಡಿಗೆಯೇ ಜೀವನಾಧಾರ.

ಹಳ್ಳಿಯಿಂದ ಬಂದವರ ಮೊದಲ ಮೆಟ್ಟಿಲು

ವಠಾರದ ಇನ್ನೊಂದು ಬದಿಯಲ್ಲಿ ಬಾಡಿಗೆದಾರರು. ತುಮಕೂರು, ಕೋಲಾರ, ಹಾಸನ, ಮಂಡ್ಯದ ಹಳ್ಳಿಗಳಿಂದ ಓದಲು, ಕೆಲಸ ಹುಡುಕಲು ಬಂದವರಿಗೆ ನಗರದೊಳಗೆ ಕಾಲಿಡಲು ಸಿಕ್ಕ ಮೊದಲ ಮೆಟ್ಟಿಲು ಅದು. ಅದಕ್ಕೂ ಮೊದಲು ಬಡ ವಿದ್ಯಾರ್ಥಿಗೆ ವಾರಾನ್ನ ಇತ್ತು, ದಿನಕ್ಕೊಬ್ಬರ ಮನೆಯಲ್ಲಿ ಊಟ. ಸಮುದಾಯಗಳು ಕಟ್ಟಿದ ವಿದ್ಯಾರ್ಥಿನಿಲಯಗಳಿದ್ದವು. ಆದರೆ ಕೆಲಸ ಸಿಕ್ಕಿ, ಮದುವೆಯಾಗಿ, ಊರಿಂದ ತಮ್ಮನನ್ನೂ ಓದಿಸಲು ಕರೆತಂದ ಮೇಲೆ ಬೇಕಾಗುತ್ತಿದ್ದದ್ದು ಸಂಬಳದಲ್ಲಿ ಒಂದು ಪಾಲು ಕೊಟ್ಟರೆ ಸಿಗುವ ಮನೆ. ಅದನ್ನು ಕೊಟ್ಟದ್ದು ವಠಾರ.

ಸಿನಿಮಾ ನೋಡುವವರಿಗೆ ಈ ಲೋಕ ಗೊತ್ತು. ಫಣಿ ರಾಮಚಂದ್ರ ನಿರ್ದೇಶನದ 1990ರ 'ಗಣೇಶನ ಮದುವೆ'ಯಲ್ಲಿ ಅನಂತ್ ನಾಗ್ ವಠಾರದ ಬಾಡಿಗೆದಾರ. ಮಾಲೀಕ ಮತ್ತು ಬಾಡಿಗೆದಾರರ ಜಗಳದಲ್ಲಿ ಊರೆಲ್ಲ ನಕ್ಕಿತು. ನಕ್ಕವರಲ್ಲಿ ಹೆಚ್ಚಿನವರು ಅಂಥ ಮನೆಯಲ್ಲಿ ಇದ್ದು ಬಂದವರೇ.

ಆದರೆ ವಠಾರವನ್ನು ಬರಿ ಹಳೆಯ ಸಿಹಿ ನೆನಪು ಮಾಡಿಬಿಡುವುದು ಬೇಡ. ನಲ್ಲಿಯ ಮುಂದೆ ನಸುಕಿನಲ್ಲೇ ಬಿಂದಿಗೆಯ ಸಾಲು, ರಾತ್ರಿ ದೀಪ ಉರಿಸಿದರೆ ಮಾಲೀಕರ ಕೆಮ್ಮು, ನೆಂಟರು ಎರಡು ದಿನ ಹೆಚ್ಚು ಉಳಿದರೆ ವಿಚಾರಣೆ. ಎಲ್ಲಕ್ಕಿಂತ ಮೊದಲು "ನೀವು ಯಾವ ಪೈಕಿ?" ಎಂಬ ಪ್ರಶ್ನೆ. ಹಳ್ಳಿಯಿಂದ ಬಂದವರೆಲ್ಲರಿಗೂ ಆ ಮೆಟ್ಟಿಲು ಸಿಗಲಿಲ್ಲ. ದಲಿತರಿಗೆ, ಮುಸ್ಲಿಮರಿಗೆ, ಎಷ್ಟೋ ಹಿಂದುಳಿದ ಜಾತಿಯವರಿಗೆ ಗೇಟು ತೆರೆಯಲಿಲ್ಲ. ಬಾವಿ, ನಲ್ಲಿ, ಅಂಗಳ ಎಲ್ಲರಿಗೂ ಒಂದೇ ಎನ್ನುವುದು ವಠಾರದ ಚಂದವಾದರೆ, ಅದೇ ಕಾರಣಕ್ಕೆ ಯಾರನ್ನು ಒಳಗೆ ಬಿಡಬಾರದು ಎಂಬ ಲೆಕ್ಕವೂ ಬಿಗಿಯಾಗಿತ್ತು. ಇಂದು "ಸಸ್ಯಾಹಾರಿಗಳಿಗೆ ಮಾತ್ರ" ಎಂದು ಬೋರ್ಡಿನಲ್ಲಿ ಬರೆಯುವುದು ಆ ಹಳೆಯ ಪ್ರಶ್ನೆಯನ್ನೇ, ಸ್ವಲ್ಪ ನಯವಾಗಿ.

ಯುದ್ಧ ಬಂತು, ಬಾಡಿಗೆಗೆ ಬೀಗ ಬಿತ್ತು

ಎರಡನೇ ಮಹಾಯುದ್ಧ ಬೆಂಗಳೂರಿನ ಅಳತೆ ಬದಲಿಸಿತು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಬಂತು. ಸೈನ್ಯದ ಓಡಾಟ ಹೆಚ್ಚಿತು. ಸ್ವಾತಂತ್ರ್ಯದ ನಂತರ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. 1941ರ ಜನಗಣತಿಯಲ್ಲಿ ದಂಡು ಸೇರಿ ಸುಮಾರು 4 ಲಕ್ಷ ಜನ ಇದ್ದ ಊರು 1951ಕ್ಕೆ ಸುಮಾರು 8 ಲಕ್ಷ ಆಯಿತು. ಹತ್ತು ವರ್ಷದಲ್ಲಿ ದುಪ್ಪಟ್ಟು. ಮನೆಗಳು ಹಾಗೆ ದುಪ್ಪಟ್ಟಾಗಲಿಲ್ಲ.

ಸರ್ಕಾರ ಎರಡು ದಾರಿ ಹಿಡಿಯಿತು. ಒಂದು, ಹೊಸ ಸೈಟು ಕೊಡುವುದು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್, ಅಂದರೆ ಹಳಬರ ಬಾಯಲ್ಲಿ ಸಿಐಟಿಬಿ, ಹುಟ್ಟಿತು. 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆ, ಅದರ ಬೆನ್ನಿಗೇ ರಾಜಾಜಿನಗರ. ಎರಡು, ಇರುವ ಮನೆಗಳ ಬಾಡಿಗೆ ಏರದಂತೆ ತಡೆಯುವುದು. ಯುದ್ಧಕಾಲದ ಆಜ್ಞೆಗಳಿಂದ ಶುರುವಾದ ನಿಯಂತ್ರಣ 1951ರ ಮೈಸೂರು ಕಾಯಿದೆಯಾಗಿ, ಆಮೇಲೆ ಇಡೀ ರಾಜ್ಯಕ್ಕೆ ಅನ್ವಯಿಸುವ 1961ರ ಬಾಡಿಗೆ ನಿಯಂತ್ರಣ ಕಾಯಿದೆಯಾಗಿ ನಿಂತಿತು.

1961ರ ಕಾಯಿದೆ ಏನು ಮಾಡಿತು ಎಂಬುದನ್ನು ಮೂರು ಮಾತಿನಲ್ಲಿ ಹೇಳಬಹುದು. ಮನೆ ಖಾಲಿಯಾದರೆ ಮಾಲೀಕರು ನಿಯಂತ್ರಣಾಧಿಕಾರಿಗೆ ತಿಳಿಸಬೇಕು, ಸರ್ಕಾರ ಅದನ್ನು ತನಗೆ ಬೇಕಾದವರಿಗೆ ಹಂಚಬಹುದು. ಬಾಡಿಗೆಯನ್ನು ಮಾಲೀಕರ ಇಷ್ಟಕ್ಕೆ ಏರಿಸುವಂತಿಲ್ಲ, ತಕರಾರಾದರೆ ನ್ಯಾಯಬದ್ಧ ಬಾಡಿಗೆ ನಿಗದಿ ಮಾಡಿಸಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಕಾಯಿದೆಯ 21ನೇ ಕಲಮಿನಲ್ಲಿ ಪಟ್ಟಿ ಮಾಡಿದ ಕಾರಣಗಳಿದ್ದರೆ ಮಾತ್ರ ಬಾಡಿಗೆದಾರರನ್ನು ಬಿಡಿಸಬಹುದು. ಬಾಡಿಗೆದಾರ ತೀರಿಕೊಂಡರೂ ಜೊತೆಗಿದ್ದ ಹೆಂಡತಿ ಮಕ್ಕಳು ಬಾಡಿಗೆದಾರರೇ.

ಆ ಕಾಲಕ್ಕೆ ಇದು ಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ದುಪ್ಪಟ್ಟಾದ ಊರಿನಲ್ಲಿ ಕಾಯಿದೆ ಇಲ್ಲದಿದ್ದರೆ ಗುಮಾಸ್ತರ, ಮಿಲ್ ಕಾರ್ಮಿಕರ ಸಂಸಾರಗಳು ಬೀದಿಗೆ ಬೀಳುತ್ತಿದ್ದವು. ಮಲ್ಲೇಶ್ವರದ ಅಂಚಿನ ರಾಜಾಮಿಲ್ಲಿನ ಕೂಲಿಯಲ್ಲಿ ಪೈಪೋಟಿಯ ಬಾಡಿಗೆ ಕೊಡಲು ಯಾರಿಗೆ ಸಾಧ್ಯವಿತ್ತು? ಆದರೆ ಯುದ್ಧದ ತುರ್ತಿಗೆ ಹಾಕಿದ ಬೀಗ ನಲವತ್ತು ಐವತ್ತು ವರ್ಷ ಹಾಗೇ ಉಳಿಯಿತು. ಅಕ್ಕಿ ಬೇಳೆಯ ಬೆಲೆ, ಗಾರೆ ಕೆಲಸದವರ ಕೂಲಿ, ಮನೆ ಕಂದಾಯ ಎಲ್ಲ ಏರುತ್ತಾ ಹೋದವು. ಬಾಡಿಗೆ ಮಾತ್ರ ಅಪ್ಪನ ಕಾಲದ್ದು.

ಕೋರ್ಟಿನ ಮೆಟ್ಟಿಲು, ಅಡ್ವಾನ್ಸಿನ ಗಂಟು

ಆಮೇಲಿನ ಬದಲಾವಣೆ ನಿಧಾನವಾಗಿ, ಮನೆಮನೆಯಲ್ಲೂ ನಡೆಯಿತು. ಬಾಡಿಗೆಯಲ್ಲಿ ಸುಣ್ಣ ಬಳಿಸುವ ಖರ್ಚೂ ಹುಟ್ಟದಾದಾಗ ಮಾಲೀಕರು ರಿಪೇರಿ ಬಿಟ್ಟರು. ಸೋರುವ ಮಾಡು ಸೋರುತ್ತಲೇ ಇತ್ತು. ಬಾಡಿಗೆದಾರರೂ ಬಿಡಲಿಲ್ಲ, ಬಿಟ್ಟರೆ ಆ ಬಾಡಿಗೆಗೆ ಇನ್ನೊಂದು ಮನೆ ಎಲ್ಲಿ? ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಎಚ್‌ಆರ್‌ಸಿ ಕೇಸುಗಳು ರಾಶಿ ಬಿದ್ದವು. 21(1)(ಎಚ್) ಎಂಬ ಉಪಕಲಮು, ಅಂದರೆ ಮಾಲೀಕರಿಗೇ ನಿಜವಾಗಿ ಮನೆ ಬೇಕಾಗಿದೆ ಎಂಬ ಕಾರಣ, ಬಸವನಗುಡಿಯ ಜಗಲಿಗಳಲ್ಲಿ ವಕೀಲರಲ್ಲದವರ ಬಾಯಲ್ಲೂ ಓಡಾಡಿತು. ಮಗನ ಮದುವೆ ಗೊತ್ತಾಗಿದೆ, ಅವನಿಗೆ ಮನೆ ಬೇಕು ಎಂದು ಹಾಕಿದ ಕೇಸು ಮುಗಿಯುವ ಹೊತ್ತಿಗೆ ಮೊಮ್ಮಗ ಶಾಲೆಗೆ ಹೋಗುತ್ತಿರುತ್ತಿದ್ದ.

ಅನುಭವ ಪಾಠ ಕಲಿಸಿತು. ಒಮ್ಮೆ ಒಳಗೆ ಬಿಟ್ಟವರನ್ನು ಹೊರಗೆ ಕಳಿಸುವುದು ಕಷ್ಟ, ತಿಂಗಳ ಬಾಡಿಗೆಯನ್ನು ಏರಿಸುವುದೂ ಕಷ್ಟ ಎಂದಾದ ಮೇಲೆ ಮಾಲೀಕರು ಮೊದಲೇ ದೊಡ್ಡ ಗಂಟು ಕೇಳತೊಡಗಿದರು. ಹತ್ತು ತಿಂಗಳ ಅಡ್ವಾನ್ಸ್ ಎಂಬ ಬೆಂಗಳೂರಿನ ಪದ್ಧತಿ ಗಟ್ಟಿಯಾದದ್ದಕ್ಕೆ ಈ ಭಯವೂ ಒಂದು ಕಾರಣ. ಹನ್ನೊಂದು ತಿಂಗಳ ಕರಾರಿನ ಮೂಲ ಬೇರೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕು. ಆ ಖರ್ಚು, ಓಡಾಟ ತಪ್ಪಿಸಲು ಒಂದು ತಿಂಗಳು ಕಡಿಮೆ ಬರೆದರು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದದ್ದು ಭೋಗ್ಯ. ಹಳ್ಳಿಯವರಿಗೆ ಈ ಪದ ಹೊಸದಲ್ಲ. ಸಾಲ ಕೊಟ್ಟವನು ಹೊಲ ಉಳುತ್ತಾನೆ, ಅದರ ಫಸಲೇ ಬಡ್ಡಿ, ಅಸಲು ತೀರಿಸಿದಾಗ ಹೊಲ ವಾಪಸ್ಸು. ನಗರದಲ್ಲಿ ಹೊಲದ ಬದಲು ಮನೆ. ಎರಡು ಮೂರು ವರ್ಷಕ್ಕೆ ದೊಡ್ಡ ಮೊತ್ತ ಕೊಟ್ಟು ಒಳಗೆ ಹೋದರೆ ಬಾಡಿಗೆ ಇಲ್ಲ, ಬಿಡುವಾಗ ಅಷ್ಟೂ ಹಣ ವಾಪಸ್ಸು. ದಕ್ಷಿಣ ಕೊರಿಯಾದಲ್ಲಿ ಜೋನ್ಸೆ ಎಂಬ ಹೆಸರಿನಲ್ಲಿ ಇಂಥದೇ ಪದ್ಧತಿ ಇದೆ.

ಇದರ ಲೆಕ್ಕ ನೋಡಿ. ಬ್ಯಾಂಕಿನ ಠೇವಣಿಗೆ ಶೇ. 12 ಬಡ್ಡಿ ಸಿಗುತ್ತಿದ್ದಾಗ 1 ಲಕ್ಷ ಭೋಗ್ಯದ ಹಣ ಮಾಲೀಕರಿಗೆ ತಿಂಗಳಿಗೆ 1,000 ರೂಪಾಯಿ ಬಾಡಿಗೆಗೆ ಸಮ. ಬಡ್ಡಿ ಶೇ. 7ಕ್ಕೆ ಇಳಿದರೆ ಅದೇ 1 ಲಕ್ಷ ತಿಂಗಳಿಗೆ 600 ರೂಪಾಯಿಯನ್ನೂ ಕೊಡುವುದಿಲ್ಲ. ಅದೇ 1,000 ಬೇಕೆಂದರೆ ಸುಮಾರು 1 ಲಕ್ಷ 70 ಸಾವಿರ ಕೇಳಬೇಕು. ಬಡ್ಡಿ ಇಳಿದಾಗ ಭೋಗ್ಯದ ಮೊತ್ತ ಏರುವುದಕ್ಕೆ ಇದು ಕಾರಣ. ಆದರೆ ಎಷ್ಟು ಮಾಲೀಕರು ಆ ಹಣವನ್ನು ಠೇವಣಿಯಲ್ಲಿ ಇಡುತ್ತಾರೆ? ಮಗಳ ಮದುವೆಗೆ, ಇನ್ನೊಂದು ಸೈಟಿಗೆ ಹೋಗಿರುತ್ತದೆ. ವಾಪಸ್ಸು ಕೊಡುವುದು ಮುಂದಿನ ಭೋಗ್ಯದವರಿಂದ ಪಡೆದು. ಸರಪಳಿ ಎಲ್ಲಿಯೋ ತುಂಡಾದರೆ, ಅಥವಾ ಆ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ, ಮುಳುಗುವುದು ಬಾಡಿಗೆದಾರರ ಜೀವಮಾನದ ಉಳಿತಾಯ. ಕೊರಿಯಾದಲ್ಲಿ 2022ರ ನಂತರ ಮನೆ ಬೆಲೆ ಇಳಿದಾಗ ಸಾವಿರಾರು ಸಂಸಾರಗಳಿಗೆ ಹೀಗೆಯೇ ಆಯಿತು.

ಗಮನಿಸಿ, ಮಾಲೀಕರ ಮನಸ್ಸು ಇಲ್ಲಿ ತಿಂಗಳ ಆದಾಯದಿಂದ ದೊಡ್ಡ ಗಂಟಿನ ಕಡೆಗೆ ತಿರುಗಿತ್ತು. ಎಲ್ಲಕ್ಕಿಂತ ದೊಡ್ಡ ಗಂಟು ಕಾಲಡಿಯ ನೆಲದಲ್ಲೇ ಇದೆ ಎಂಬುದು ಗೊತ್ತಾಗಲು ತಡವಾಗಲಿಲ್ಲ.

ಕಾಯಿದೆ ಸಡಿಲವಾದರೂ ವಠಾರ ಮರಳಲಿಲ್ಲ

1991ಕ್ಕೆ ಬೆಂಗಳೂರಿನ ಜನಸಂಖ್ಯೆ 40 ಲಕ್ಷ ದಾಟಿತು. ಸಾಫ್ಟ್‌ವೇರ್ ಬಂತು, ಮನೆ ಸಾಲ ಸುಲಭವಾಯಿತು, ಹಳೆಯ ಬಡಾವಣೆಗಳು ನಗರದ ಅಂಚಿನಿಂದ ನಟ್ಟನಡುವಿಗೆ ಬಂದವು. ಮನೆ ಕಟ್ಟಿಸಿದ ಅಜ್ಜನ ಮೊಮ್ಮಕ್ಕಳು ಈಗ ಹತ್ತು ಹನ್ನೆರಡು ಜನ, ಕೆಲವರು ಕಡಲಾಚೆ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಬಂತು, ಬರಬೇಕಾದದ್ದೇ. ಆರು ಸಣ್ಣ ಮನೆಯ ಹಳೆಯ ಬಾಡಿಗೆಯನ್ನು ಹನ್ನೆರಡು ಪಾಲು ಮಾಡಿದರೆ ಏನು ಸಿಗುತ್ತದೆ? ಸೈಟನ್ನೇ ಮಾರಿದರೆ, ಅಥವಾ ಬಿಲ್ಡರಿಗೆ ಕೊಟ್ಟು ಅರ್ಧ ಫ್ಲ್ಯಾಟುಗಳನ್ನು ಪಡೆದರೆ, ಒಬ್ಬೊಬ್ಬರಿಗೂ ಕೈತುಂಬ.

ಇಷ್ಟರಲ್ಲಿ ಕಾಯಿದೆಯೂ ಬದಲಾಯಿತು. 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳು ಅದರ ವ್ಯಾಪ್ತಿಯಿಂದ ಹೊರಗೆ ಉಳಿದವು. ಅಲ್ಲಿ ನಡೆಯುವುದು ಕರಾರು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯಿದೆ. ವಯಸ್ಸಾದ, ವಿಧವೆಯಾದ ಮಾಲೀಕರು ತಮ್ಮ ವಾಸಕ್ಕೆ ಮನೆ ಬೇಗ ಬಿಡಿಸಿಕೊಳ್ಳಲು ಪ್ರತ್ಯೇಕ ಅವಕಾಶ ಬಂತು. ಹಿತ್ತಲಿನ ಬಾಡಿಗೆಯನ್ನೇ ನಂಬಿ ಸೋತ ಹೆಂಗಸರ ಕಷ್ಟ ಕಾನೂನಿಗೆ ಅಷ್ಟು ವರ್ಷದ ಮೇಲೆ ಕಂಡಿತು.

ಇಲ್ಲಿಯೇ ಇತಿಹಾಸ ಒಂದು ಪರೀಕ್ಷೆ ಮಾಡಿ ತೋರಿಸಿದೆ. ಬಾಡಿಗೆ ನಿಯಂತ್ರಣದಿಂದಲೇ ವಠಾರ ಸತ್ತಿತು ಎನ್ನುವವರು ಬಹಳ. ಹಾಗಿದ್ದರೆ ನಿಯಂತ್ರಣ ಹೋದ ಮೇಲೆ ಬಸವನಗುಡಿಯಲ್ಲಿ ಹೊಸ ವಠಾರಗಳು ಏಳಬೇಕಿತ್ತು. ಎದ್ದದ್ದು ಅಪಾರ್ಟ್‌ಮೆಂಟ್. ಬೀಗ ತೆಗೆದ ಕೂಡಲೇ ಮಾಲೀಕರು ಮಾಡಿದ ಮೊದಲ ಕೆಲಸ ಮನೆ ಖಾಲಿ ಮಾಡಿಸಿ ಕೆಡವಿದ್ದು. ಕಾಯಿದೆ ವಠಾರವನ್ನು ಸೊರಗಿಸಿತು, ನಿಜ. ಮುಗಿಸಿದ್ದು ನೆಲದ ಬೆಲೆ. ಮಲ್ಲೇಶ್ವರದ ಆಚೆ ರಾಜಾಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಂತ್ರಿ ಮಾಲ್ ತೆರೆಯಿತು. 2014ರಲ್ಲಿ ಅದರ ಪಕ್ಕಕ್ಕೆ, 2017ರಲ್ಲಿ ನ್ಯಾಷನಲ್ ಕಾಲೇಜು, ಸೌತ್ ಎಂಡ್ ವೃತ್ತಕ್ಕೆ ಮೆಟ್ರೊ ಬಂತು. ಒಂದೊಂದಕ್ಕೂ ಬೆಲೆ ಏರಿತು.

ಬೆಲೆ ಏರಿದಷ್ಟು ಬಾಡಿಗೆ ಯಾಕೆ ಏರುವುದಿಲ್ಲ? ಬಾಡಿಗೆ ಕೊಡುವುದು ಸಂಬಳದಿಂದ. ಸಂಬಳ ಎಷ್ಟೋ ಅದರ ಒಂದು ಪಾಲಿಗಿಂತ ಹೆಚ್ಚು ಯಾರೂ ಕೊಡಲಾರರು. ಬೆಲೆ ಕೊಡುವುದು ಹಾಗಲ್ಲ. ಅದರಲ್ಲಿ ಅಪ್ಪನ ಆಸ್ತಿ ಮಾರಿದ ದುಡ್ಡು ಇರುತ್ತದೆ, ಇಪ್ಪತ್ತು ವರ್ಷದ ಸಾಲ ಇರುತ್ತದೆ, ಲೆಕ್ಕಕ್ಕೆ ಬಾರದ ಹಣವೂ ಇರುತ್ತದೆ, ನಾಳೆ ಇನ್ನೂ ಏರುತ್ತದೆ ಎಂಬ ನಂಬಿಕೆ ಇರುತ್ತದೆ. ಸಂಬಳಕ್ಕೆ ಮಿತಿ ಇದೆ, ನಂಬಿಕೆಗೆ ಇಲ್ಲ.

ಇವತ್ತಿನ ಲೆಕ್ಕ

ಈಗ ಊರಿನವರ ಪ್ರಶ್ನೆಗೆ ಬರೋಣ. ಉದಾಹರಣೆಗೆ 1 ಕೋಟಿಯ ಒಂದು ಫ್ಲ್ಯಾಟು, ತಿಂಗಳಿಗೆ 30,000 ಬಾಡಿಗೆ ಎಂದುಕೊಳ್ಳಿ. ವರ್ಷಕ್ಕೆ 3 ಲಕ್ಷ 60 ಸಾವಿರ, ಅಂದರೆ ಹಾಕಿದ ಹಣದ ಮೇಲೆ ಶೇ. 3.6. ಅದರಲ್ಲಿ ಕಂದಾಯ, ನಿರ್ವಹಣೆಯ ಶುಲ್ಕ, ಬಣ್ಣ, ಒಂದೆರಡು ತಿಂಗಳು ಖಾಲಿ ಬಿದ್ದದ್ದು ಕಳೆಯಿರಿ. ಶೇ. 7ರ ಠೇವಣಿಯಲ್ಲಿ ಇಟ್ಟರೆ ಅದೇ ಹಣಕ್ಕೆ 7 ಲಕ್ಷ.

ಸಾಲ ಮಾಡಿ ಕೊಂಡರೆ ಇನ್ನೂ ಕಷ್ಟ. 80 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 69,400 ರೂಪಾಯಿ. ಬಾಡಿಗೆ ಬರುವುದು 30,000. ಉಳಿದ 39,400 ಪ್ರತಿ ತಿಂಗಳೂ ಕೈಯಿಂದ. ಬಾಡಿಗೆಯನ್ನು ವರ್ಷಕ್ಕೆ ಶೇ. 5ರಂತೆ ತಪ್ಪದೆ ಏರಿಸಿದರೂ ಅದು ಕಂತನ್ನು ಮುಟ್ಟಲು ಹದಿನೇಳು ವರ್ಷಕ್ಕೂ ಹೆಚ್ಚು ಬೇಕು. ಸಾಲವೇ ಇಪ್ಪತ್ತು ವರ್ಷದ್ದು. ಇದನ್ನು ಬಾಡಿಗೆ ಆದಾಯ ಎಂದು ಕರೆಯುವುದು ಹೇಗೆ? ಇಲ್ಲಿ ಕೊಳ್ಳುವವರು ಬಾಡಿಗೆಗೆ ಕೊಳ್ಳುತ್ತಿಲ್ಲ, ಬೆಲೆ ಏರುವುದಕ್ಕೆ ಕಾಯುತ್ತಿದ್ದಾರೆ. ಬಾಡಿಗೆ ಕಾಯುವ ಹೊತ್ತಿನ ಕಾಫಿ ಖರ್ಚು. ಕಾಯಲು ಕೈಯಲ್ಲಿ ಬೇರೆ ಸಂಬಳ ಇರುವವರಿಗೆ ಅದು ಆದೀತು. ಹೊಲ ಮಾರಿ ಬಂದವರಿಗೆ ಕಾಯುವ ಶಕ್ತಿ ಎಲ್ಲಿಂದ ಬರಬೇಕು?

ಹಳೆಯ ವಠಾರದ ಯಜಮಾನರ ಜೊತೆ ಹೋಲಿಸಿ. ಅವರಿಗೆ ಜಾಗ ಅಗ್ಗಕ್ಕೆ ಸಿಕ್ಕಿತ್ತು, ಸಾಲ ಇರಲಿಲ್ಲ, ಆರು ಬಾಡಿಗೆದಾರರಿದ್ದರು, ತಾವೇ ಎದುರಿಗಿದ್ದರು. ಈ ನಾಲ್ಕರಲ್ಲಿ ಒಂದೂ ಇಲ್ಲದೆ ಅವರ ಲೆಕ್ಕವನ್ನು ಮಾತ್ರ ಎರವಲು ತಂದರೆ ಉತ್ತರ ತಪ್ಪುತ್ತದೆ. ಇಂದು ಬಾಡಿಗೆಯಿಂದಲೇ ತಿಂಗಳ ಆದಾಯ ಹೆಚ್ಚು ಕಾಣುವವರು ಒಂದು ಕೋಣೆಗೆ ಮೂರು ನಾಲ್ಕು ಮಂಚ ಹಾಕುವ ಪಿಜಿ ನಡೆಸುವವರು. ಅಲ್ಲಿ ಬಾಡಿಗೆ ಮನೆಗಲ್ಲ, ಮಂಚಕ್ಕೆ. ವಠಾರದ ಲೆಕ್ಕ ಒಂದು ರೀತಿಯಲ್ಲಿ ಮರಳಿ ಬಂದಿದೆ, ಆದರೆ ಸಂಸಾರಕ್ಕೆ ಅದರಲ್ಲಿ ಜಾಗವಿಲ್ಲ. ಅಮ್ಮ ಊರಿಂದ ಬಂದರೆ ಉಳಿಸಿಕೊಳ್ಳುವ ಹಾಗಿಲ್ಲ.

ಈ ಬರಹವನ್ನು ಬರೆಯಲು ಕಾರಣವೂ ಅದೇ. ನಾವು ಹಳ್ಳಿಗಳಿಂದ ಬಂದವರು ಬೆಂಗಳೂರನ್ನು ಮೊದಲು ನೋಡಿದ್ದು ಬಾಡಿಗೆ ಕೋಣೆಯ ಬಾಗಿಲಿನಿಂದ. ತಿಂಗಳಿಗೆ 10,000ದ ಕೋಣೆಗೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ 1 ಲಕ್ಷ. ನನಗೆ ಆ ಗಂಟು ಒದಗಿದ್ದು ಊರಿನ ಸೊಸೈಟಿ ಸಾಲದಿಂದ, ಬೆಳೆಗೆಂದು ತೆಗೆದ ಸಾಲ. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದು ಎನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯಗಳು ಅಳವಡಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ವಠಾರವನ್ನು ಮರಳಿ ಕಟ್ಟಬೇಕು ಎಂದು ನಾನು ಹೇಳುತ್ತಿಲ್ಲ. ಜಾತಿ ಕೇಳುವ ಗೇಟು, ಸಾಲು ಕಕ್ಕಸು ಯಾರಿಗೂ ಬೇಡ. ಆದರೆ ಕಡಿಮೆ ಸಂಬಳದವರು ಊರಿನ ನಡುವೆ ಸಂಸಾರ ಹೂಡಲು ಒಂದು ಕಾಲದಲ್ಲಿ ಸಾಧ್ಯವಿತ್ತು ಎನ್ನುವುದು ಇತಿಹಾಸ. ಅದನ್ನು ಸಾಧ್ಯ ಮಾಡಿದ್ದು ಧರ್ಮಬುದ್ಧಿಯಲ್ಲ, ಬಾಡಿಗೆಯಿಂದ ಬದುಕಬಹುದು ಎಂಬ ಮಾಲೀಕರ ಲೆಕ್ಕ. ಖಾಸಗಿ ಲೆಕ್ಕ ಇಂದು ಅದನ್ನು ಮಾಡಿಕೊಡುವುದಿಲ್ಲ ಎಂದಾದರೆ ಸರ್ಕಾರವೋ, ಸಹಕಾರ ಸಂಘಗಳೋ ಬಾಡಿಗೆಗೆಂದೇ ಮನೆ ಕಟ್ಟಬೇಕಾಗುತ್ತದೆ. ಎಂಬತ್ತು ವರ್ಷದಿಂದ ನಾವು ಸೈಟು ಹಂಚುವುದನ್ನಷ್ಟೇ ವಸತಿ ನೀತಿ ಎಂದುಕೊಂಡಿದ್ದೇವೆ.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಗೆ ಬೆಂಗಳೂರಿನಲ್ಲಿ ಇನ್ನೊಂದು ಸಾಲು ಸೇರಿಸಬೇಕು: ಬಾಡಿಗೆಗೆ ಬಿಟ್ಟು ನೋಡು. ಮುಂದಿನ ಸಲ ಊರಿನಲ್ಲಿ ಯಾರಾದರೂ ಎರಡು ಎಕರೆ ಮಾರುವ ಮಾತೆತ್ತಿದರೆ ನಾನು ಬೇಡ ಎನ್ನುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ: "ಮಾವ, ಮನೆ ತಗೊಳ್ಳೋದು ಬಾಡಿಗೆಗಾ, ಬೆಲೆಗಾ?" ಬಾಡಿಗೆಗೆ ಎಂದರೆ ಕಾಗದ ಪೆನ್ನು ತೆಗೆದು ಮೇಲಿನ ಲೆಕ್ಕ ಹಾಕಿ ತೋರಿಸುತ್ತೇನೆ. ಬೆಲೆಗೆ ಎಂದರೆ, ಆ ಎರಡು ಎಕರೆಯ ಬೆಲೆಯೂ ಏರುತ್ತದೆ ಎಂಬುದನ್ನು ನೆನಪಿಸುತ್ತೇನೆ. ಸುಂಕೇನಹಳ್ಳಿಯವರಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ.